ಕಾಂತರೇಖೆ ತುಂಡಾಗುವುದನ್ನು ಯಾರಾದರೂ ಕಂಡಿದ್ದಾರೆಯೇ?

‘ಪ್ರಯೋಗಾಲಯದ ಪ್ಲಾಸ್ಮಾದಲ್ಲಿ (ವಿದ್ಯುದಾವೇಶ ಹೊತ್ತ ಕಣಗಳ ಬಿಸಿ ಅನಿಲದಲ್ಲಿ) ಕಾಂತರೇಖೆಗಳು ತುಂಡಾಗಿ ಮತ್ತೆ ಕೂಡಿಕೊಳ್ಳುವುದನ್ನು ವಿಜ್ಞಾನಿಗಳು ಕಣ್ಣಾರೆ ಕಂಡಿದ್ದಾರೆಯೇ?’ ಸೂರ್ಯನಲ್ಲಿ ಕಾಂತಶಕ್ತಿ ಹಠಾತ್ತನೆ ಸಿಡಿಯುವ ಸೌರಜ್ವಾಲೆಯ ಬಗ್ಗೆ ಏನು ಬರೆದರೂ ಬೆನ್ನಿಗೇ ಬರುವ ಪ್ರಶ್ನೆ ಇದು.

ಇಲ್ಲ. ಕಾಣಲು ಅಲ್ಲಿ ರೇಖೆಯೇ ಇಲ್ಲ.

ಕಾಂತಕ್ಷೇತ್ರ ಎಲ್ಲಿ ಯಾವ ಕಡೆಗೆ ಮುಖ ಮಾಡಿದೆ ಎಂದು ತೋರಿಸಲು ನಾವೇ ಎಳೆದುಕೊಂಡ ಗೆರೆ ಅದು. ‘ಕಬ್ಬಿಣದ ಪುಡಿಯಲ್ಲಿ ಕಾಣುತ್ತದಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಅದು ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡ ಸಾಲು. ಎರಡು ಸಾಲುಗಳ ನಡುವಿನ ಬರಿದಾದ ಜಾಗದಲ್ಲೂ ಕ್ಷೇತ್ರವಿದೆ. ಇನ್ನು ರಬ್ಬರ್ ಬ್ಯಾಂಡ್ ಫಟ್ಟನೆ ಹರಿದಂತೆ ರೇಖೆ ಹರಿದು ಶಕ್ತಿ ಹೊಮ್ಮುತ್ತದೆ ಎಂಬ ವಿವರಣೆ. ಹರಿದರೆ ಎರಡು ತುದಿಗಳು ಉಳಿಯಬೇಕು. ಕಾಂತರೇಖೆಗೆ ತುದಿಯೇ ಇರುವಂತಿಲ್ಲ. ವಿದ್ಯುತ್ತು, ಕಾಂತತ್ವಗಳ ಮೂಲ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳು ಒಂದು ಕ್ಷಣದ ಮಟ್ಟಿಗೂ ಇದಕ್ಕೆ ವಿನಾಯಿತಿ ಕೊಟ್ಟಿಲ್ಲ.

ಸಾಮಾನ್ಯವಾಗಿ ಪ್ಲಾಸ್ಮಾ ಮತ್ತು ಕ್ಷೇತ್ರ ಒಟ್ಟಿಗೇ ಚಲಿಸುತ್ತವೆ. ವಿರುದ್ಧ ದಿಕ್ಕಿನ ಎರಡು ಕ್ಷೇತ್ರಗಳು ಒತ್ತಿ ಬಂದಾಗ ನಡುವೆ ವಿದ್ಯುತ್ ಪ್ರವಾಹದ ತೆಳು ಹಾಳೆ ಮೂಡುತ್ತದೆ. ಆ ಹಾಳೆಯೊಳಗೆ ಮಾತ್ರ ಇವೆರಡರ ಜೊತೆ ಬಿಡುತ್ತದೆ, ಕ್ಷೇತ್ರದ ನಕ್ಷೆ ಬದಲಾಗುತ್ತದೆ. ಮರುಜೋಡಣೆ ಎನ್ನುವುದು ಇದನ್ನೇ. ಹೊಸ ನಕ್ಷೆಯಲ್ಲಿ ಕಡಿದಾಗಿ ಬಾಗಿದ ಕ್ಷೇತ್ರ ನೆಟ್ಟಗಾಗುತ್ತ ಪ್ಲಾಸ್ಮಾವನ್ನು ಎರಡೂ ಬದಿಗೆ ಚಿಮ್ಮಿಸುತ್ತದೆ. ಶಕ್ತಿ ಬರುವುದು ಆ ಬಾಗು ಸಡಿಲವಾಗುವುದರಿಂದ.

ಹಾಗಾದರೆ ಅಳೆಯುವುದೇನನ್ನು? ಮರುಜೋಡಣೆಯ ಅಧ್ಯಯನಕ್ಕೆಂದೇ 1995ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಕೆಲಸ ಆರಂಭಿಸಿದ ಎಂಆರ್‌ಎಕ್ಸ್ ಯಂತ್ರದ ನಿರ್ವಾತ ಪಾತ್ರೆಯೊಳಗೆ ಬಳೆಯಾಕಾರದ ಎರಡು ಸುರುಳಿ ಜೋಡಣೆಗಳಿವೆ. ಅವುಗಳ ಪ್ರವಾಹವನ್ನು ಏರಿಸಿ ಇಳಿಸಿದರೆ ಮರುಜೋಡಣೆ ನಡೆಯುತ್ತದೆ, ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ಪ್ಲಾಸ್ಮಾದೊಳಗೇ ಚಾಚಿದ ಶೋಧಕಗಳಲ್ಲಿ ಪುಟಾಣಿ ತಂತಿ ಸುರುಳಿಗಳಿರುತ್ತವೆ. ಕ್ಷೇತ್ರ ಬದಲಾದಂತೆ ಅವುಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಕಾಲದೊಂದಿಗೆ ಕೂಡುತ್ತ ಹೋದರೆ ಕ್ಷೇತ್ರ ಸಿಗುತ್ತದೆ. ಸುಮಾರು ಒಂದು ಲಕ್ಷ ಡಿಗ್ರಿಯ ಪ್ಲಾಸ್ಮಾದಲ್ಲಿ ಶೋಧಕ ಉಳಿಯುವುದು ಆ ಪ್ಲಾಸ್ಮಾ ವಿರಳವೂ ಕ್ಷಣಿಕವೂ ಆಗಿರುವುದರಿಂದ. ರೇಖೆ ಎಳೆಯುವುದು ಆಮೇಲೆ, ಕಂಪ್ಯೂಟರಿನಲ್ಲಿ. ಒಳಬಂದ ಕಾಂತಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣಗಳಿಗೆ ಸೇರುತ್ತದೆ, ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಅಯಾನುಗಳದ್ದು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳದ್ದು) ಎಂದು 2014ರಲ್ಲಿ ಲೆಕ್ಕ ಸಿಕ್ಕಿದ್ದೂ ಇಂಥ ಅಳತೆಗಳಿಂದ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಇದು ಇಷ್ಟು ಬೇಗ ಹೇಗೆ ನಡೆಯುತ್ತದೆ? ಸ್ವೀಟ್ ಮತ್ತು ಪಾರ್ಕರ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಹಾಕಿದ ಲೆಕ್ಕದ ಪ್ರಕಾರ ಸೌರಜ್ವಾಲೆಗೆ ತಿಂಗಳುಗಳೇ ಬೇಕು. ನಿಜದಲ್ಲಿ ನಿಮಿಷಗಳು ಸಾಕು. ಎಂಆರ್‌ಎಕ್ಸ್‌ನಲ್ಲಿ ಸಾಂದ್ರತೆ ಹೆಚ್ಚಿದ್ದಾಗ ಆ ಲೆಕ್ಕ ಕೂಡಿಬರುತ್ತದೆ. ಸಾಂದ್ರತೆ ಇಳಿಸಿ ಕಣಗಳ ಡಿಕ್ಕಿ ಅಪರೂಪವಾದಾಗ ಎಲೆಕ್ಟ್ರಾನುಗಳೂ ಅಯಾನುಗಳೂ ಬೇರೆ ಬೇರೆ ದಾರಿ ಹಿಡಿದು ವೇಗ ಏರುತ್ತದೆ. ಸೂರ್ಯನಷ್ಟು ದೊಡ್ಡ ವ್ಯವಸ್ಥೆಯಲ್ಲಿ ಆ ಪ್ರವಾಹದ ಹಾಳೆಯೇ ಒಡೆದು, ಕ್ಷೇತ್ರ ತನ್ನಲ್ಲೇ ಸುತ್ತಿಕೊಂಡ ‘ದ್ವೀಪ’ಗಳ ಸರಣಿಯಾಗುತ್ತದೆ ಎನ್ನುತ್ತದೆ ಸಿದ್ಧಾಂತ. ಅದನ್ನು ಪರೀಕ್ಷಿಸಲೆಂದೇ ಪ್ರಿನ್ಸ್‌ಟನ್ನಿನಲ್ಲಿ ಫ್ಲೇರ್ ಎಂಬ ಇನ್ನೂ ದೊಡ್ಡ ಯಂತ್ರವನ್ನು ಕಟ್ಟಿದ್ದಾರೆ.