ಮೆದು ಎಕ್ಸ್-ರೇ: ಗಾಮಾ ಸ್ಫೋಟ ಬಿಟ್ಟುಹೋಗುವ ಕೆಂಡ

ಆಸ್ಪತ್ರೆಯ ಎಕ್ಸ್-ರೇ ಟ್ಯೂಬಿನ ಬಾಯಿಗೆ ಒಂದು ಅಲ್ಯೂಮಿನಿಯಂ ತಗಡು ಕೂರಿಸಿರುತ್ತಾರೆ. ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಹೊರಗೆ ನಿಂತವರಿಗೆ ಅದು ಕಾಣುವುದೂ ಇಲ್ಲ. ಟ್ಯೂಬಿನಿಂದ ಹೊರಡುವ ಕಿರಣಗಳೆಲ್ಲ ಒಂದೇ ಬಲದವಲ್ಲ. ಬಲ ಇರುವವು ಮೈ ದಾಟಿ ಹೋಗಿ ಮೂಳೆಯ ಚಿತ್ರ ಮೂಡಿಸುತ್ತವೆ. ಬಲ ಕಡಿಮೆ ಇರುವವು ಚರ್ಮದಲ್ಲೇ ಇಂಗಿಹೋಗುತ್ತವೆ. ಚಿತ್ರಕ್ಕೆ ಅವುಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ, ಮೈಗೆ ಮಾತ್ರ ಸುಮ್ನೆ ತೊಂದರೆ. ಹಾಗಾಗಿ ಆ ತಗಡು ಅವನ್ನು ಮೊದಲೇ ಸೋಸಿಬಿಡುತ್ತದೆ.

ಹೀಗೆ ಸೋಸಿ ಬಿಸಾಕುವ ಕಿರಣಗಳಿಗೆ ಸಾಫ್ಟ್ ಎಕ್ಸ್-ರೇ ಅಂತ ಹೆಸರು. ಕನ್ನಡದಲ್ಲಿ ‘ಮೃದು ಕ್ಷ-ಕಿರಣ’ ಎಂದು ಬರೆಯುವವರಿದ್ದಾರೆ. ನನಗೆ ‘ಮೆದು ಎಕ್ಸ್-ರೇ’ ಬಾಯಿಗೆ ಹತ್ತಿರ ಅನಿಸುತ್ತದೆ. ಆಸ್ಪತ್ರೆಗೆ ಬೇಡವಾದ ಇದೇ ಸರಕು ಆಕಾಶ ನೋಡುವವರಿಗೆ ಬೇಕು. ಎಕ್ಸ್-ರೇಗಿಂತಲೂ ಬಲದ ಗಾಮಾ ಕಿರಣಗಳು ಒಮ್ಮೊಮ್ಮೆ ಆಕಾಶದ ಯಾವುದೋ ಮೂಲೆಯಿಂದ ಕೆಲವು ಸೆಕೆಂಡು ಧುತ್ತನೆ ಬಂದು ನಿಂತುಹೋಗುತ್ತವೆ. ಗಾಮಾ ಕಿರಣ ಸ್ಫೋಟ ಅಂದರೆ ಅದೇ. ಅವುಗಳ ಬೆನ್ನು ಹತ್ತಿದವರಿಗಂತೂ ಮೆದು ಎಕ್ಸ್-ರೇ ಇಲ್ಲದೆ ಕೆಲಸವೇ ನಡೆಯುವುದಿಲ್ಲ.

ಮೆದು ಅಂದರೆ ಎಷ್ಟು ಮೆದು? ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನ್, ಅಂದರೆ ಒಂದು ಕಣ, ಹೊತ್ತು ತರುವ ಶಕ್ತಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್. ಎಕ್ಸ್-ರೇ ಸಾವಿರದ ಲೆಕ್ಕದ್ದು. ಸಾವಿರ ಎಲೆಕ್ಟ್ರಾನ್ ವೋಲ್ಟ್ ಅಂದರೆ ಒಂದು ಕೆಇವಿ. ಖಗೋಳದವರು ಸುಮಾರು 0.3ರಿಂದ 10 ಕೆಇವಿವರೆಗಿನದ್ದನ್ನು ಮೆದು ಅನ್ನುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಆಸ್ಪತ್ರೆಯವರ ಮೆದು ಇದಕ್ಕಿಂತ ಗಟ್ಟಿ. ಗಾಮಾ ಸ್ಫೋಟದ ಅಬ್ಬರ ಜೋರಾಗಿರುವುದು ಸಾಮಾನ್ಯವಾಗಿ ಕೆಲವು ನೂರು ಕೆಇವಿ ಆಸುಪಾಸಿನಲ್ಲಿ. ಅದರ ಪಕ್ಕದಲ್ಲಿ 1 ಕೆಇವಿ ಮೆದುವೇ ಬಿಡಿ.

ಈಗ ಸ್ಫೋಟದ ಕಥೆ. 1967ರ ಜುಲೈ 2ರಂದು ಅಮೆರಿಕದ ವೇಲಾ ಉಪಗ್ರಹಗಳಲ್ಲಿದ್ದ, ಕಿರಣ ಹಿಡಿಯುವ ಪೆಟ್ಟಿಗೆಗಳಿಗೆ ಗಾಮಾ ಕಿರಣಗಳ ಒಂದು ಹೊಡೆತ ಬಿತ್ತು. ಅವನ್ನು ಹಾರಿಸಿದ್ದು ಆಕಾಶ ನೋಡಲಿಕ್ಕಲ್ಲ. ಯಾರಾದರೂ ಕದ್ದುಮುಚ್ಚಿ ಅಣುಬಾಂಬ್ ಪರೀಕ್ಷೆ ಮಾಡುತ್ತಾರಾ ಅಂತ ಕಾಯಲಿಕ್ಕೆ. ಹೊಡೆತ ಬಂದದ್ದು ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ ಎಂದು ಖಾತ್ರಿಯಾಗಿ ವಿಷಯ ಅಚ್ಚಾಗಿದ್ದು 1973ರಲ್ಲಿ. ಪೆಟ್ಟಿಗೆಗೆ ಸಿಕ್ಕಿದ್ದು ಗಾಮಾ, ಹಾಗಾಗಿ ಹೆಸರೂ ಗಾಮಾ ಕಿರಣ ಸ್ಫೋಟ. ಈ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಅದು ಸ್ಫೋಟದ ಗುಣ ಹೇಳುವುದಕ್ಕಿಂತ ನಮ್ಮ ಪೆಟ್ಟಿಗೆಯ ಗುಣ ಹೇಳುತ್ತದೆ. ಅದೇ ಸ್ಫೋಟದಿಂದ ಎಕ್ಸ್-ರೇಯೂ ಬರುತ್ತಿತ್ತು. ನೋಡುವವರು ಇರಲಿಲ್ಲ, ಅಷ್ಟೇ. 1972ರ ಏಪ್ರಿಲ್ 27ರಂದು ಚಂದ್ರನಿಂದ ವಾಪಸ್ ಬರುತ್ತಿದ್ದ ಅಪೊಲೊ 16 ನೌಕೆಯ ಉಪಕರಣಗಳಿಗೆ ಒಂದು ಸ್ಫೋಟದ ಗಾಮಾ, ಎಕ್ಸ್-ರೇ ಎರಡೂ ಸಿಕ್ಕಿದ್ದವು. ಆ ಉಪಕರಣಗಳನ್ನು ಒಯ್ದದ್ದು ಚಂದ್ರನ ಮಣ್ಣಿನಲ್ಲಿ ಏನಿದೆ ಅಂತ ನೋಡಲು!

ಮುಂದಿನ ಇಪ್ಪತ್ತೈದು ವರ್ಷ ದೊಡ್ಡ ತಲೆನೋವು ವಿಳಾಸದ್ದು. ಗಾಮಾ ಕಿರಣವನ್ನು ಮಸೂರದಲ್ಲೋ ಕನ್ನಡಿಯಲ್ಲೋ ಒಂದು ಚುಕ್ಕೆಗೆ ತರುವುದು ಆಗದ ಮಾತು. ಏನಿದ್ದರೂ ತೂರಿಕೊಂಡು ಹೋಗುತ್ತದೆ. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದ ಬ್ಯಾಟ್ಸಿ ಉಪಕರಣ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ಸ್ಫೋಟ ಹಿಡಿಯಿತು. ಆದರೆ ಅದು ಕೊಡುವ ವಿಳಾಸ ಕೆಲವು ಡಿಗ್ರಿ ಅಗಲ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಷ್ಟು ದೊಡ್ಡ ತುಂಡು ಆಕಾಶದಲ್ಲಿ ಸಾವಿರಾರು ನಕ್ಷತ್ರ, ಗೆಲಾಕ್ಸಿ. ‘ಬೆಂಗಳೂರಿನಲ್ಲಿದ್ದಾರೆ, ಹೋಗಿ ಹುಡುಕು’ ಅಂದ ಹಾಗೆ. ಸ್ಫೋಟಗಳು ನಮ್ಮ ಕ್ಷೀರಪಥದ ಸುತ್ತಮುತ್ತಲಿನವೋ, ವಿಶ್ವದ ಆ ಕೊನೆಯವೋ ಅಂತ ದೊಡ್ಡ ದೊಡ್ಡವರೇ ಎರಡು ಗುಂಪಾಗಿ ಜಗಳ ಆಡುತ್ತಿದ್ದರು.

ಮೆದು ಎಕ್ಸ್-ರೇಗೆ ಬೇರೆ ಸ್ವಭಾವ. ನೇರವಾಗಿ ಬಿದ್ದರೆ ಅದೂ ಕನ್ನಡಿಯೊಳಗೆ ಇಂಗಿಹೋಗುತ್ತದೆ. ಆದರೆ ನುಣ್ಣನೆಯ ಲೋಹದ ಮೇಲೆ ತೀರಾ ಓರೆಯಾಗಿ, ಸವರಿಕೊಂಡು ಹೋಗುವ ಹಾಗೆ ಬಿದ್ದರೆ ಜಾರಿ ತಿರುಗುತ್ತದೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಓರೆಯಾಗಿ ಎಸೆದರೆ ಮುಳುಗದೆ ಕುಪ್ಪಳಿಸುತ್ತದಲ್ಲ, ಹಾಗೆ. ಆದ್ದರಿಂದ ಎಕ್ಸ್-ರೇ ದೂರದರ್ಶಕದ ಕನ್ನಡಿ ತಟ್ಟೆಯ ಆಕಾರದಲ್ಲಿ ಇರುವುದಿಲ್ಲ. ಒಂದರೊಳಗೊಂದು ಸೇರಿಸಿಟ್ಟ ಉಕ್ಕಿನ ಲೋಟಗಳ ತಳ ಕತ್ತರಿಸಿ ತೆಗೆದರೆ ಹೇಗೆ ಕಾಣುತ್ತದೋ ಹಾಗೆ ಇರುತ್ತದೆ. ಒಳಮೈಗೆ ಚಿನ್ನದ ಲೇಪ. ಕಿರಣ ಒಳಗೋಡೆ ಸವರಿಕೊಂಡು ಹೋಗಿ ಹಿಂದಿನ ಸಂವೇದಕದ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆ ಸಿಕ್ಕಿತು ಅಂದರೆ ವಿಳಾಸ ಸಿಕ್ಕಿತು. ಇಷ್ಟೆಲ್ಲ ಮೇಲೆ ಹೋಗಿಯೇ ಮಾಡಬೇಕು. ನಮ್ಮ ಗಾಳಿ ಎಕ್ಸ್-ರೇಯನ್ನು ನೆಲ ಮುಟ್ಟಲು ಬಿಡುವುದಿಲ್ಲ.

1996ರಲ್ಲಿ ಇಟಲಿ ಮತ್ತು ನೆದರ್‌ಲ್ಯಾಂಡ್ಸ್ ಸೇರಿ ಬೆಪ್ಪೊಸ್ಯಾಕ್ಸ್ ಎಂಬ ಉಪಗ್ರಹ ಹಾರಿಸಿದವು. ಇಟಲಿಯ ಭೌತವಿಜ್ಞಾನಿ ಜುಸೆಪ್ಪೆ ಒಕ್ಕಿಯಲಿನಿ ಅವರನ್ನು ಎಲ್ಲರೂ ಪ್ರೀತಿಯಿಂದ ಬೆಪ್ಪೊ ಅನ್ನುತ್ತಿದ್ದರಂತೆ, ಆ ಹೆಸರು. 1997ರ ಫೆಬ್ರವರಿ 28ರ ಬೆಳಗಿನ ಜಾವ ಅದಕ್ಕೊಂದು ಸ್ಫೋಟ ಕಂಡಿತು. ಅದರ ಅಗಲಗಣ್ಣಿನ ಎಕ್ಸ್-ರೇ ಕ್ಯಾಮೆರಾಕ್ಕೂ ಅದೇ ಹೊತ್ತಿಗೆ ಸಿಕ್ಕಿತು. ರೋಮ್‌ನಲ್ಲಿ ಕೂತವರು ಲೆಕ್ಕ ಹಾಕಿ, ಆಜ್ಞೆ ಕಳಿಸಿ, ಉಪಗ್ರಹವನ್ನೇ ಆ ಕಡೆ ತಿರುಗಿಸಿದರು. ಎಂಟು ಗಂಟೆ ಹಿಡಿಯಿತು. ಗಾಮಾ ಎಂದೋ ಮುಗಿದಿತ್ತು. ಆದರೆ ಮೃಗಶಿರಾ ನಕ್ಷತ್ರ ಇರುವ ಒರಾಯನ್ ಪುಂಜದಲ್ಲಿ, ಮೆದು ಎಕ್ಸ್-ರೇಯಲ್ಲಿ, ಒಂದು ಹೊಸ ಚುಕ್ಕೆ ಹೊಳೆಯುತ್ತಿತ್ತು. ಮಾರ್ಚ್ 3ರಂದು ಮತ್ತೆ ನೋಡಿದರೆ ಸುಮಾರು ಇಪ್ಪತ್ತು ಪಟ್ಟು ಮಂಕಾಗಿತ್ತು. ಅಂದರೆ ಅದು ಅಲ್ಲೇ ಇದ್ದ ಹಳೆಯ ಚುಕ್ಕೆಯಲ್ಲ. ಸ್ಫೋಟದ್ದೇ ಕೆಂಡ, ಆರುತ್ತಾ ಇದೆ.

ಇದಕ್ಕೆ ಆಫ್ಟರ್‌ಗ್ಲೋ ಅನ್ನುತ್ತಾರೆ. ಕೆಂಡ ಅಂದರೂ ನಡೆಯುತ್ತದೆ. ಎಕ್ಸ್-ರೇ ಕೊಟ್ಟ ವಿಳಾಸ ಹಿಡಿದು ಖಗೋಳವಿಜ್ಞಾನಿ ಯಾನ್ ವಾನ್ ಪಾರಾಡೈಸ್ ಅವರ ತಂಡ ಲಾ ಪಾಲ್ಮಾ ದ್ವೀಪದ ದೂರದರ್ಶಕದಲ್ಲಿ ಅದೇ ಜಾಗದ ಮಾಮೂಲಿ ಬೆಳಕನ್ನೂ ಕಂಡುಹಿಡಿಯಿತು. ಅದೇ ವರ್ಷ ಮೇ 8ರ ಸ್ಫೋಟಕ್ಕೆ ದೂರವೂ ಗೊತ್ತಾಯಿತು: ಅಲ್ಲಿಂದ ಬೆಳಕು ಹೊರಟು ಕೋಟಿಯಲ್ಲ, ನೂರಾರು ಕೋಟಿ ವರ್ಷ ಆಗಿತ್ತು. ಇಪ್ಪತ್ತೈದು ವರ್ಷದ ಜಗಳ ಮೂರು ತಿಂಗಳಲ್ಲಿ ಮುಗಿಯಿತು.

ಕೆಂಡ ಹೊತ್ತುವುದು ಹೇಗೆ? ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತಿನ ಸ್ಫೋಟಗಳಿಗೆ ದೀರ್ಘ ಸ್ಫೋಟ ಅನ್ನುತ್ತಾರೆ. ಅವುಗಳಲ್ಲಿ ಬಹುಪಾಲಿನಲ್ಲಿ ದೊಡ್ಡ ನಕ್ಷತ್ರವೊಂದರ ಒಡಲು ಕುಸಿಯುತ್ತದೆ. ಅಲ್ಲಿಂದ ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಒಂದು ಚಿಲುಮೆ ಹೊರನುಗ್ಗುತ್ತದೆ. ಚಿಲುಮೆಯೊಳಗಿನ ತಳ್ಳಾಟದಲ್ಲಿ ಗಾಮಾ ಹುಟ್ಟುತ್ತದೆ. ಆಮೇಲೆ ಅದು ಸುತ್ತಲಿನ ಅನಿಲಕ್ಕೆ ಡಿಕ್ಕಿ ಹೊಡೆಯುತ್ತಾ ನಿಧಾನ ಆಗುತ್ತದೆ. ಡಿಕ್ಕಿಯಲ್ಲಿ ಸಿಕ್ಕ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಎಕ್ಸ್-ರೇ ಬಿಡುತ್ತವೆ. ನಿಧಾನ ಆದಷ್ಟೂ ಕಿರಣದ ಬಲ ಇಳಿಯುತ್ತದೆ. ಮೊದಲು ಎಕ್ಸ್-ರೇ, ಆಮೇಲೆ ಬೆಳಕು, ಕೊನೆಗೆ ರೇಡಿಯೊ. ಗಾಮಾಕ್ಕೆ ಸೆಕೆಂಡುಗಳ ಆಯಸ್ಸು. ಎಕ್ಸ್-ರೇ ಕೆಂಡ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ.

ಎಂಟು ಗಂಟೆ ಕಾಯುವುದು ಜಾಸ್ತಿ ಆಯಿತು ಅಂತ ನಾಸಾ 2004ರ ನವೆಂಬರ್ 20ರಂದು ಸ್ವಿಫ್ಟ್ ಹಾರಿಸಿತು. ಹೆಸರೇ ಹೇಳುವಂತೆ ಚುರುಕು. ಗಾಮಾ ಕಂಡ ಕೂಡಲೇ, ಯಾರನ್ನೂ ಕೇಳದೆ, ತಾನೇ ತಿರುಗುತ್ತದೆ. ಒಂದೆರಡು ನಿಮಿಷದಲ್ಲಿ ಅದರ ಎಕ್ಸ್-ರೇ ದೂರದರ್ಶಕ ಅಲ್ಲಿ ನೆಟ್ಟಿರುತ್ತದೆ. ಹನ್ನೆರಡು ಲೋಟ ಒಂದರೊಳಗೊಂದು, 0.3ರಿಂದ 10 ಕೆಇವಿ. ಇಷ್ಟೆಲ್ಲ ಮಾಡಿ ಅದು ನಿಜವಾಗಿ ಕಿರಣ ಹಿಡಿಯುವ ಜಾಗ ನೂರು ಚದರ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂಗೈಯಗಲ!

ಆ ಅಂಗೈಯಲ್ಲಿ ಸಿಕ್ಕಿದ್ದು ಯಾರೂ ಅಂದುಕೊಂಡಿದ್ದಲ್ಲ. ಕೆಂಡ ನಿಧಾನವಾಗಿ ಒಂದೇ ಸಮ ಆರಬೇಕಿತ್ತು. ಆದರೆ ಬಹಳಷ್ಟು ಸ್ಫೋಟಗಳಲ್ಲಿ ಮೊದಲ ಕೆಲವು ನಿಮಿಷ ಎಕ್ಸ್-ರೇ ಧಡಕ್ಕನೆ ಬೀಳುತ್ತದೆ. ಆಮೇಲೆ ಗಂಟೆಗಟ್ಟಲೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅದಾದ ಮೇಲೆ ಮೊದಲು ಅಂದುಕೊಂಡ ಹಾಗೆ ಇಳಿಯುತ್ತದೆ. ನಡುನಡುವೆ ಭಗ್ ಅಂತ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಒಲೆ ಆರಿಸಿದೆವು ಅಂದುಕೊಂಡರೆ ಒಳಗೆ ಯಾರೋ ಸೌದೆ ತುರುಕುತ್ತಿದ್ದಾರೆ. ಯಾರು? ಹೊಸದಾಗಿ ಹುಟ್ಟಿದ ಕಪ್ಪುರಂಧ್ರಕ್ಕೆ ವಾಪಸ್ ಬೀಳುತ್ತಿರುವ ಸರಕು ಎಂದು ಕೆಲವರು. ಗರಗರ ತಿರುಗುವ, ಭಾರೀ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರ ಎಂದು ಇನ್ನು ಕೆಲವರು. ಜಗಳ ಇನ್ನೂ ನಡೆದಿದೆ.

‘ಬೂದಿ ಮುಚ್ಚಿದ ಕೆಂಡ’ ಅನ್ನುತ್ತೇವಲ್ಲ, ಇಲ್ಲಿ ಅದು ನೇರ ಅರ್ಥದಲ್ಲೇ ನಿಜ. ದಾರಿಯಲ್ಲಿ ಅನಿಲ ಇದ್ದಷ್ಟೂ ಮೆದು ಎಕ್ಸ್-ರೇ ಇಂಗಿಹೋಗುತ್ತದೆ. ಕಿರಣ ಎಷ್ಟು ಮೆದುವೋ ಅಷ್ಟು ಬೇಗ ಮಾಯ. ಇದು ಕಿರಿಕಿರಿಯೂ ಹೌದು, ಲಾಭವೂ ಹೌದು. ಕೆಳಗಿನ ಶಕ್ತಿಯಲ್ಲಿ ಎಷ್ಟು ಕಡಿಮೆ ಬಂತು ಅಂತ ಅಳೆದರೆ, ನಕ್ಷತ್ರ ಸತ್ತ ಜಾಗದಲ್ಲಿ ಎಷ್ಟು ಅನಿಲ ಇತ್ತು ಅಂತ ಲೆಕ್ಕ ಸಿಗುತ್ತದೆ. ಧೂಳೂ ಆಟ ಆಡುತ್ತದೆ. 2022ರ ಅಕ್ಟೋಬರ್ 9ರ ಸ್ಫೋಟ ಇದುವರೆಗೆ ಕಂಡದ್ದರಲ್ಲೇ ಅತಿ ಪ್ರಕಾಶದ್ದು. ಅದರ ಎಕ್ಸ್-ರೇ ನಮ್ಮ ಕ್ಷೀರಪಥದ ಧೂಳಿನ ಪದರಗಳಲ್ಲಿ ಚದುರಿ, ಚುಕ್ಕೆಯ ಸುತ್ತ ಉಂಗುರದ ಮೇಲೆ ಉಂಗುರವಾಗಿ ಕಂಡಿತು. ಕೊಳದಲ್ಲಿ ಕಲ್ಲು ಬಿದ್ದ ಹಾಗೆ ಉಂಗುರಗಳು ದಿನದಿಂದ ದಿನಕ್ಕೆ ಅಗಲವಾದವು.

ಇನ್ನು ಕೆಲವು ಸ್ಫೋಟಗಳು ಹುಟ್ಟುವಾಗಲೇ ಮೆದು. 2000ದಲ್ಲಿ ಹಾರಿದ ಹೆಟೆ-2 ಉಪಗ್ರಹ ಹಿಡಿದವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಎಕ್ಸ್-ರೇಯಲ್ಲೇ ಜೋರು, ಗಾಮಾದಲ್ಲಿ ಪೀಚು. ಇವಕ್ಕೆ ಎಕ್ಸ್-ರೇ ಫ್ಲ್ಯಾಶ್ ಅಂತ ಹೆಸರು. 2006ರ ಫೆಬ್ರವರಿ 18ರದ್ದು ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಧಾನವಾಗಿ ಉರಿಯಿತು. ಅದರ ಮೆದು ಎಕ್ಸ್-ರೇಯಲ್ಲಿ ಸುಮಾರು ಇಪ್ಪತ್ತು ಲಕ್ಷ ಡಿಗ್ರಿ ಕಾದ ವಸ್ತುವಿನ ಗುರುತಿತ್ತು. ಒಳಗಿನ ಆಘಾತದ ಅಲೆ ನಕ್ಷತ್ರದ ಮೈ ಒಡೆದು ಹೊರಬಂದ ಗಳಿಗೆ ಅದು ಎಂದು ಬಹಳ ಜನ ಒಪ್ಪುತ್ತಾರೆ. ಎರಡು ವರ್ಷದ ನಂತರ, 2008ರ ಜನವರಿ 9ರಂದು, ಸ್ವಿಫ್ಟ್ ಬೇರೊಂದು ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ನೋಡುತ್ತಾ ಕೂತಿತ್ತು. ಅದೇ ಗೆಲಾಕ್ಸಿಯ ಇನ್ನೊಂದು ಮೂಲೆಯಲ್ಲಿ ಎಕ್ಸ್-ರೇ ಕೆಲವು ನಿಮಿಷ ಮಿಂಚಿ ಆರಿತು. ಗಾಮಾ ಏನೂ ಇರಲಿಲ್ಲ. ಅಲ್ಲೇ ಹೊಸ ಸೂಪರ್‌ನೋವಾ ಬೆಳಗಿತು. ಸ್ವಿಫ್ಟ್‌ನಿಂದ ನೋಡುತ್ತಿದ್ದ ಖಗೋಳವಿಜ್ಞಾನಿ ಅಲಿಸಿಯಾ ಸೋಡರ್‌ಬರ್ಗ್ ಅವರ ತಂಡದ್ದು ಅದೃಷ್ಟವೋ ಅದೃಷ್ಟ.

ನಮ್ಮ ಕಡೆಯ ಮಾತೂ ಬರಲಿ. 1994ರಲ್ಲಿ ಹಾರಿದ ಸ್ರಾಸ್-ಸಿ2 ಉಪಗ್ರಹದಲ್ಲೇ ಗಾಮಾ ಸ್ಫೋಟ ಹಿಡಿಯುವ ಉಪಕರಣ ಇತ್ತು. ಅದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದವರ ಕೆಲಸ. 2015ರ ಸೆಪ್ಟೆಂಬರ್ 28ರಂದು ಹೋದ ಆಸ್ಟ್ರೋಸ್ಯಾಟ್‌ನಲ್ಲಿ 0.3ರಿಂದ 8 ಕೆಇವಿ ನೋಡುವ ದೂರದರ್ಶಕ ಇದೆ. ಅದೇ ಉಪಗ್ರಹದ ಇನ್ನೊಂದು ಉಪಕರಣ, ಸಿಝಡ್‌ಟಿಐ, ನೂರಾರು ಗಾಮಾ ಸ್ಫೋಟ ದಾಖಲಿಸಿದೆ. ಮಾಹಿತಿ ಇಳಿಯುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ. ಆದರೆ ಆಸ್ಟ್ರೋಸ್ಯಾಟ್ ಸ್ವಿಫ್ಟ್ ಹಾಗೆ ಸರಕ್ಕನೆ ತಿರುಗುವಂಥದ್ದಲ್ಲ. ಕೆಂಡದ ಮಾಮೂಲಿ ಬೆಳಕು ನೋಡಲು ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ಲಡಾಖಿನ ಚಳಿಯಲ್ಲಿ ನಿಂತಲ್ಲ, ನಮ್ಮ ಹೊಸಕೋಟೆಯಲ್ಲಿ ಕೂತು.

ಈಚೆಗೆ ಆಟವೇ ಬದಲಾಗಿದೆ. ಇಷ್ಟು ದಿನ ಮೊದಲು ಗಾಮಾ ಕಾಣಬೇಕು, ಆಮೇಲೆ ಎಕ್ಸ್-ರೇ ಕಡೆ ತಿರುಗಬೇಕು. 2024ರ ಜನವರಿ 9ರಂದು ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ನೇರ ಮೆದು ಎಕ್ಸ್-ರೇಯಲ್ಲೇ ಕಾಯುತ್ತದೆ, 0.5ರಿಂದ 4 ಕೆಇವಿ. ಒಂದೇ ನೋಟಕ್ಕೆ 3600 ಚದರ ಡಿಗ್ರಿ, ಅಂದರೆ ಇಡೀ ಆಕಾಶದ ಹನ್ನೊಂದನೇ ಒಂದು ಭಾಗಕ್ಕೆ ಹತ್ತಿರ. ಅದರ ಕನ್ನಡಿ ಲೋಟದ ಹಾಗಿಲ್ಲ, ಲಾಬ್‌ಸ್ಟರ್ ಕಣ್ಣಿನ ಹಾಗಿದೆ. ತಲೆಕೂದಲಿಗಿಂತ ಸಣ್ಣ ಚೌಕದ ಕೊಳವೆಗಳು ಒತ್ತೊತ್ತಾಗಿ, ಗೋಳದ ಮೈಮೇಲೆ ಜೋಡಿಸಿದ ಹಾಗೆ. ಕರಾವಳಿಯವರು ದೂರ ಹೋಗಬೇಕಿಲ್ಲ, ಸಿಗಡಿಯ ಕಣ್ಣೂ ಇದೇ ನಮೂನೆ. ಬೆಳಕು ಕೊಳವೆಯ ಗೋಡೆಗೆ ಬಡಿದು ಒಳಗೆ ಒಟ್ಟುಗೂಡುತ್ತದೆ.

ಹಾರಿ ಎರಡೇ ತಿಂಗಳಾಗಿತ್ತು, ಮಾರ್ಚ್ 15ರಂದು ಅದಕ್ಕೊಂದು ಸಿಕ್ಕಿತು. ಬೆಳಕು ಹೊರಟು ಸಾವಿರದ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು. ಬರುವ ದಾರಿಯಲ್ಲಿ ವಿಶ್ವ ಹಿಗ್ಗಿ ಕಿರಣದ ಶಕ್ತಿ ಸುಮಾರು ಆರನೇ ಒಂದಕ್ಕೆ ಇಳಿದಿತ್ತು. ಅಷ್ಟು ದೂರದವಕ್ಕೆ ಮೆದು ಕಣ್ಣೇ ಸರಿ ಅನ್ನುವುದಕ್ಕೆ ಇದೂ ಒಂದು ಕಾರಣ. ಎಕ್ಸ್-ರೇ ಸಾವಿರ ಸೆಕೆಂಡಿಗೂ ಜಾಸ್ತಿ ಹೊತ್ತು ಬಂತು. ಗಾಮಾ ಪೆಟ್ಟಿಗೆಗಳಿಗೂ ಅದೇ ಸ್ಫೋಟ ಸಿಕ್ಕಿತು, ಎಕ್ಸ್-ರೇ ಶುರುವಾಗಿ ಆರು ನಿಮಿಷ ಕಳೆದ ಮೇಲೆ. ಹಾಗಾಗಿ ಅದಕ್ಕೀಗ ಎರಡು ಹೆಸರು: ಎಕ್ಸ್-ರೇಯವರ ಪಟ್ಟಿಯಲ್ಲಿ ಇಪಿ240315ಎ, ಗಾಮಾದವರ ಪಟ್ಟಿಯಲ್ಲಿ ಜಿಆರ್‌ಬಿ 240315ಸಿ.