ಡೇಟೋನಾ 500: ವೇಗಕ್ಕೆ ಕಡಿವಾಣ ಬಿದ್ದ ಕಥೆ

ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್ ಊರಿನಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಸ್ಟಾಕ್ ಕಾರ್ ಓಟಕ್ಕೆ ಡೇಟೋನಾ 500 ಎಂದು ಹೆಸರು. 500 ಎನ್ನುವುದು ಮೈಲಿ ಲೆಕ್ಕ, ಸುಮಾರು 805 ಕಿಲೋಮೀಟರ್. ಎರಡೂವರೆ ಮೈಲಿ ಉದ್ದದ ಪಥವನ್ನು 200 ಬಾರಿ ಸುತ್ತಬೇಕು. ಇತರ ಆಟಗಳಲ್ಲಿ ದೊಡ್ಡ ಪಂದ್ಯವನ್ನು ಋತುವಿನ ಕೊನೆಗೆ ಕಾದಿರಿಸುತ್ತಾರೆ. ಈ ಓಟವನ್ನು ನಡೆಸುವ ನಾಸ್ಕಾರ್ ಸಂಸ್ಥೆ ಮಾತ್ರ 1982ರಿಂದ ತನ್ನ ಅತಿ ದೊಡ್ಡ ಓಟದಿಂದಲೇ ವರ್ಷವನ್ನು ಆರಂಭಿಸುತ್ತಿದೆ.

ಕಾರ್ಖಾನೆಯಿಂದ ಬಂದು ಷೋರೂಮಿನಲ್ಲಿ ಮಾರಾಟಕ್ಕಿರುವ ಕಾರೇ ಸ್ಟಾಕ್ ಕಾರ್. 1949ರಲ್ಲಿ ನಾಸ್ಕಾರ್ ಸರಣಿ ಶುರುವಾದಾಗ ನಿಯಮವೂ ಹಾಗೆಯೇ ಇತ್ತು. ಈಗ ಆ ಮಾತನ್ನು ಯಾರೂ ಅಕ್ಷರಶಃ ನಂಬಬೇಕಿಲ್ಲ. ಟೊಯೋಟಾ, ಫೋರ್ಡ್, ಷೆವರ್ಲೆ ಎಂಬ ಹೆಸರುಗಳು ಮೈಮೇಲಿವೆ, ಅಷ್ಟೇ. ಹೆಡ್‌ಲೈಟ್ ಇರುವ ಜಾಗದಲ್ಲಿ ಸ್ಟಿಕರ್ ಇರುತ್ತದೆ, ಬಾಗಿಲು ತೆರೆಯುವುದೇ ಇಲ್ಲ, ಚಾಲಕ ಕಿಟಕಿಯಿಂದ ಒಳಗೆ ತೂರಿಕೊಳ್ಳುತ್ತಾನೆ.

ಡೇಟೋನಾಕ್ಕೆ ವೇಗದ ಹುಚ್ಚು ಹಿಡಿಸಿದ್ದು ಅದರ ಕಡಲತೀರ. ಅಲ್ಲಿನ ಗಟ್ಟಿ ಮರಳಿನ ಮೇಲೆ 1935ರಲ್ಲಿ ಬ್ರಿಟನ್ನಿನ ಮಾಲ್ಕಂ ಕ್ಯಾಂಪ್‌ಬೆಲ್ ಗಂಟೆಗೆ 445 ಕಿಲೋಮೀಟರ್ ಮೀರಿದ ದಾಖಲೆ ಬರೆದರು. ಅದೇ ವರ್ಷ ದಾಖಲೆಯ ಬೇಟೆಗಾರರು ಯೂಟಾದ ಬೋನ್‌ವಿಲ್ ಉಪ್ಪುಬಯಲಿಗೆ ಹೊರಟುಹೋದರು. ಖಾಲಿಯಾದ ತೀರಕ್ಕೆ 1936ರಲ್ಲಿ ಸ್ಟಾಕ್ ಕಾರ್ ಓಟ ಬಂತು: ಅರ್ಧ ದಾರಿ ಮರಳು, ಅರ್ಧ ದಾರಿ ಹೆದ್ದಾರಿ. ಆ ಓಟದಲ್ಲಿ ಐದನೆಯವನಾಗಿ ಬಂದ ಮೆಕ್ಯಾನಿಕ್ ಬಿಲ್ ಫ್ರಾನ್ಸ್. 1947ರ ಡಿಸೆಂಬರಿನಲ್ಲಿ ಅದೇ ಊರಿನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಸಭೆ ಸೇರಿಸಿ ನಾಸ್ಕಾರ್‌ಗೆ ಅಡಿಪಾಯ ಹಾಕಿದವನೂ ಅವನೇ.

ಫ್ರಾನ್ಸ್ ಕಟ್ಟಿಸಿದ ಪಥದ ವಿಶೇಷವಿರುವುದು ಅದರ ಓರೆಯಲ್ಲಿ. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿದೆ. ನಡೆದು ಹತ್ತುವುದೇ ಪ್ರಯಾಸ. ಹೊರಕ್ಕೆ ಎಸೆಯಲ್ಪಡಬೇಕಾದ ಕಾರನ್ನು ಆ ಇಳಿಜಾರು ನೆಲಕ್ಕೆ ಒತ್ತಿ ಹಿಡಿಯುವುದರಿಂದ ತಿರುವಿನಲ್ಲೂ ವೇಗ ಇಳಿಸಬೇಕಾಗಿಲ್ಲ. ಅಷ್ಟು ಎತ್ತರದ ದಿಬ್ಬಕ್ಕೆ ಮಣ್ಣನ್ನು ಪಥದ ನಡುವಿನಿಂದಲೇ ಅಗೆದರು. ಆ ಹಳ್ಳ ಈಗ ಲೇಕ್ ಲಾಯ್ಡ್ ಎಂಬ ಕೆರೆ.

1959ರ ಫೆಬ್ರವರಿ 22ರಂದು ನಡೆದ ಮೊದಲ ಓಟದಲ್ಲಿ 59 ಕಾರುಗಳಿದ್ದವು. ಕೊನೆಯ ಗೆರೆಯನ್ನು ಮೂರು ಕಾರುಗಳು ಒಟ್ಟಿಗೆ ದಾಟಿದವು. ಅವುಗಳಲ್ಲಿ ಜೋ ವೆದರ್ಲಿಯ ಕಾರು ಸುತ್ತಿನ ಲೆಕ್ಕದಲ್ಲಿ ಹಿಂದೆ ಉಳಿದಿತ್ತು, ಆದರೆ ನೋಡುವವರ ಕಣ್ಣಿಗೆ ಅಡ್ಡ ಬಂತು. ಜಾನಿ ಬೋಚಂಪ್ ಗೆದ್ದನೆಂದು ಘೋಷಿಸಿ ಸಂಭ್ರಮವೂ ಮುಗಿಯಿತು. ಲೀ ಪೆಟಿ ಒಪ್ಪಲಿಲ್ಲ. ಛಾಯಾಚಿತ್ರ, ವಾರ್ತಾಚಿತ್ರಗಳನ್ನೆಲ್ಲ ತರಿಸಿ ನೋಡಿ, 61 ಗಂಟೆಗಳ ಬಳಿಕ ಪೆಟಿಯೇ ವಿಜೇತನೆಂದು ಫ್ರಾನ್ಸ್ ತೀರ್ಪಿತ್ತ. ಹೊಸ ಓಟಕ್ಕೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಪ್ರಚಾರ ಬೇಕಿತ್ತೇ? ಲೀ ಮಗ ರಿಚರ್ಡ್ ಪೆಟಿ ಮುಂದೆ ಇದೇ ಓಟವನ್ನು ಏಳು ಬಾರಿ ಗೆದ್ದ.

ಮರುವರ್ಷ ಗೆದ್ದ ಜೂನಿಯರ್ ಜಾನ್ಸನ್ ಕಳ್ಳಭಟ್ಟಿ ಸಾಗಿಸುತ್ತಲೇ ಚಾಲನೆಯಲ್ಲಿ ಪಳಗಿದವನು. ಅವನ ಷೆವರ್ಲೆ ಎದುರಾಳಿಗಳ ಕಾರುಗಳಷ್ಟು ಓಡುತ್ತಿರಲಿಲ್ಲ. ಆದರೆ ವೇಗದ ಕಾರಿನ ಬೆನ್ನಿಗೆ ಅಂಟಿಕೊಂಡರೆ ತನ್ನ ಕಾರೂ ಅದರ ಜೊತೆ ಸಾಗುತ್ತದೆಂದು ಅಭ್ಯಾಸದಲ್ಲಿ ಕಂಡುಕೊಂಡ. ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಈ ಗುಟ್ಟು ಗೊತ್ತು: ಗಾಳಿಯನ್ನು ಮುಂದಿನವನು ಸೀಳುತ್ತಾನೆ. ಡ್ರಾಫ್ಟಿಂಗ್ ಎನ್ನುವ ಈ ತಂತ್ರವಿಲ್ಲದೆ ಡೇಟೋನಾದಲ್ಲಿ ಇಂದು ಯಾರೂ ಗೆಲ್ಲಲಾರರು.

1979ರಲ್ಲಿ ಓಟ ಮೊದಲಿನಿಂದ ಕೊನೆಯವರೆಗೆ ಟಿವಿಯಲ್ಲಿ ನೇರ ಪ್ರಸಾರವಾಯಿತು. ಅಂದು ಪೂರ್ವ ಅಮೆರಿಕದಲ್ಲಿ ಹಿಮ ಸುರಿದು ಜನ ಮನೆಯಲ್ಲೇ ಇದ್ದರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಡಿಕ್ಕಿ ಹೊಡೆದುಕೊಂಡು, ಕಾರಿನಿಂದಿಳಿದು ಗುದ್ದಾಡಿದರು. ದಕ್ಷಿಣದವರ ಆಟವನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಆ ಜಗಳವೇ.

ವೇಗ ಮಾತ್ರ ಏರುತ್ತಲೇ ಇತ್ತು. 1987ರ ಅರ್ಹತಾ ಸುತ್ತಿನಲ್ಲಿ ಬಿಲ್ ಎಲಿಯಟ್ ಗಂಟೆಗೆ 210 ಮೈಲಿ, ಅಂದರೆ 338 ಕಿಲೋಮೀಟರ್ ಮುಟ್ಟಿದ. ಅದೇ ವರ್ಷ ಅಲಬಾಮಾದ ಟ್ಯಾಲಡೇಗಾದಲ್ಲಿ ಬಾಬಿ ಅಲಿಸನ್‌ನ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿಯಿತು. ಹೀಗಾಗಿ 1988ರಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯಲು ನಾಲ್ಕು ತೂತುಗಳ ರಿಸ್ಟ್ರಿಕ್ಟರ್ ಪ್ಲೇಟ್ ಕಡ್ಡಾಯವಾಯಿತು. ಆ ತಟ್ಟೆಯೊಂದಿಗಿನ 1988ರ ಡೇಟೋನಾ 500 ಗೆದ್ದವನು ಅದೇ ಬಾಬಿ ಅಲಿಸನ್, ಐವತ್ತನೆಯ ವಯಸ್ಸಿನಲ್ಲಿ!

ಆದರೆ ಎಲ್ಲರ ಶಕ್ತಿಯೂ ಸಮವಾದಾಗ ಯಾರೂ ಯಾರನ್ನೂ ಬಿಟ್ಟುಹೋಗಲಾಗದೆ ಕಾರುಗಳು ಗುಂಪಾಗಿಯೇ ಓಡತೊಡಗಿದವು. ಒಂದು ಜಾರಿದರೆ ಹತ್ತಿಪ್ಪತ್ತು ಜಜ್ಜಿಹೋಗುತ್ತವೆ. ವೇಗ ತಗ್ಗಿಸಿದ ಉಪಾಯ ಹೊಸ ಅಪಾಯವನ್ನೂ ತಂದಿತು ಎಂದೇ ನನ್ನ ಅಭಿಪ್ರಾಯ. ಇಪ್ಪತ್ತನೆಯ ಯತ್ನದಲ್ಲಿ, 1998ರಲ್ಲಿ, ಈ ಓಟ ಗೆದ್ದಿದ್ದ ಡೇಲ್ ಅರ್ನ್‌ಹಾರ್ಟ್ 2001ರ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ತೀರಿಕೊಂಡ. ಗೆದ್ದ ಮೈಕಲ್ ವಾಲ್ಟ್ರಿಪ್ ಓಡಿಸುತ್ತಿದ್ದುದು ಅರ್ನ್‌ಹಾರ್ಟ್ ಮಾಲೀಕತ್ವದ ಕಾರನ್ನೇ.

ಆ ಬಳಿಕ ತಲೆ, ಕತ್ತುಗಳನ್ನು ಹಿಡಿದಿಡುವ ಸಾಧನ ಕಡ್ಡಾಯವಾಯಿತು. ಕಾಂಕ್ರೀಟ್ ಗೋಡೆಗಳ ಮುಂದೆ ಪೆಟ್ಟು ಹೀರುವ ಉಕ್ಕು ಮತ್ತು ಫೋಮಿನ ತಡೆಗೋಡೆ ಬಂತು. 2020ರಲ್ಲಿ ಕೊನೆಯ ಸುತ್ತಿನಲ್ಲಿ ಮುಂದಿದ್ದ ರಯಾನ್ ನ್ಯೂಮನ್‌ನ ಕಾರು ಪಲ್ಟಿ ಹೊಡೆದು, ಇನ್ನೊಂದು ಕಾರಿನ ಗುದ್ದಿಗೂ ಸಿಕ್ಕಿ, ತಲೆಕೆಳಗಾಗಿ ಜಾರಿತು. ಎರಡು ದಿನಗಳಲ್ಲಿ ಅವನು ಆಸ್ಪತ್ರೆಯಿಂದ ನಡೆದುಕೊಂಡೇ ಹೊರಬಂದ, ಮೇ ತಿಂಗಳಲ್ಲಿ ಮತ್ತೆ ಓಟಕ್ಕಿಳಿದ.