ಕಾರಿನ ಎಸಿ ತಂಪಾಗದಿದ್ದರೆ ಗ್ಯಾಸೇ ಕಾರಣವೇ?

ಎಸಿ ಸರಿಯಾಗಿ ತಂಪು ಕೊಡುತ್ತಿಲ್ಲ ಎಂದರೆ ಸಾಕು, ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿ’ ಎಂಬ ಸಲಹೆ ಬರುತ್ತದೆ. ಆದರೆ ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಬೇಗ ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ.

ಎಸಿ ಮಾಡುವುದು ಶಾಖ ಸಾಗಿಸುವ ಕೆಲಸ. ಬಹಳಷ್ಟು ಕಾರುಗಳಲ್ಲಿ ಈ ಗ್ಯಾಸ್ ಎಂದರೆ ಆರ್-134ಎ; ದ್ರವರೂಪದಲ್ಲಿರುವಾಗ ಅದು ಸಾಮಾನ್ಯ ವಾಯುಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿರುವ ಇವ್ಯಾಪೊರೇಟರ್‌ನಲ್ಲಿ ಅದು ಕಡಿಮೆ ಒತ್ತಡದಲ್ಲಿ ಆವಿಯಾಗುತ್ತಾ ಒಳಗಿನ ಗಾಳಿಯ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಹೊರಗಿನ ಗಾಳಿಗಿಂತ ಬಿಸಿ ಮಾಡುತ್ತದೆ. ಹಾಗಾದಾಗ ಮಾತ್ರ ಕಾರಿನ ಮುಂಭಾಗದ ಕಂಡೆನ್ಸರ್ ಶಾಖವನ್ನು ಹೊರಗೆ ಚೆಲ್ಲಬಲ್ಲದು.

ಹಾಗಾಗಿ ತಂಪು ಯಾವಾಗ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸುವುದು ಬಹಳ ಮುಖ್ಯ. ಓಡುವಾಗ ಚೆನ್ನಾಗಿದ್ದು, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬಿಸಿಯಾದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಓಡುವ ಕಾರಿಗೆ ಗಾಳಿ ತಾನಾಗಿ ನುಗ್ಗುತ್ತದೆ, ನಿಂತ ಕಾರಿಗೆ ಫ್ಯಾನೇ ಗತಿ. ಕಂಡೆನ್ಸರ್‌ಗೆ ದೂಳು, ಹುಳು, ಎಲೆ ಮೆತ್ತಿಕೊಂಡಿದ್ದರೂ ಹೀಗೇ ಆಗುತ್ತದೆ.

ಗಾಳಿ ತಣ್ಣಗಿದ್ದೂ ರಭಸವಿಲ್ಲದಿದ್ದರೆ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಮೊದಲು ಸರಿಯಿದ್ದು ಆಮೇಲೆ ಗಾಳಿಯೇ ಕುಗ್ಗಿದರೆ ಇವ್ಯಾಪೊರೇಟರ್ ಮೇಲೆ ಮಂಜುಗಡ್ಡೆ ಕಟ್ಟಿರಬಹುದು. ಎಸಿ ಆರಿಸಿ, ಬ್ಲೋವರ್ ಮಾತ್ರ ಕೆಲಹೊತ್ತು ಓಡಿಸಿದಾಗ ರಭಸ ಮರಳಿದರೆ ಆ ಅನುಮಾನ ಬಲವಾಗುತ್ತದೆ. ಇನ್ನು ಹೀಟರಿನ ಬಿಸಿಗಾಳಿಯನ್ನು ತಡೆಯುವ ಫ್ಲ್ಯಾಪ್ ಸಿಕ್ಕಿಕೊಂಡರೆ, ಉಳಿದೆಲ್ಲ ಸರಿಯಿದ್ದರೂ ತಂಪು ಸಿಗದು.

ಗ್ಯಾಸೇ ಕಡಿಮೆಯಿದ್ದರೆ? ಸೋರಿಕೆ ಹುಡುಕದೆ ಮತ್ತೆ ಮತ್ತೆ ತುಂಬಿಸುವುದು ತಪ್ಪು. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸ್ ತೀರಾ ಇಳಿದರೆ ಎಣ್ಣೆ ಸರಿಯಾಗಿ ಮರಳದೆ ಕಂಪ್ರೆಸರ್ ಸವೆಯುತ್ತದೆ. ಕೊಳವೆಯ ಜೋಡಣೆಗಳಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅದು ಸೋರಿಕೆಯ ಒಳ್ಳೆಯ ಸುಳಿವು. ಸೋರಿದ ಆರ್-134ಎ ವಾತಾವರಣಕ್ಕೂ ಹೊರೆ: ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬ ನಂಬಿಕೆಯೂ ಸುಳ್ಳು. ಮಿತಿ ಮೀರಿದರೆ ಕಂಡೆನ್ಸರ್‌ನಲ್ಲಿ ದ್ರವವೇ ತುಂಬಿ, ಒತ್ತಡ ಏರಿ, ತಂಪು ಇನ್ನೂ ಕಡಿಮೆಯಾಗುತ್ತದೆ. ಆದ್ದರಿಂದ ಸೋರಿಕೆ ಮುಚ್ಚಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆಸಿ, ಬಾನೆಟ್ ಕೆಳಗಿನ ಚೀಟಿಯಲ್ಲಿ ನಮೂದಾದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ಹಾಕಿಸಬೇಕು.